ಹದಿನಾಲ್ಕನೆಯ ಕುರ್ಚಿ

"ಸೂಪ್ ಇಲ್ಲದೆ ಬ್ರಿಟಿಷ್ ಊಟ ಶುರುವಾಗೋದೇ ಇಲ್ವಂತೆ," ಎಂದಳು ಅವಳು, ಅಡುಗೆ ಪುಸ್ತಕದಿಂದ ತಲೆ ಎತ್ತದೆ. "ಬರ್ಕೊಳ್ಳಿ."

"ಯಾವ ಸೂಪ್?"

"ಬಟಾಣಿ. ಬಿಳಿ ಬಟ್ಟಲಲ್ಲಿ ಹಸಿರು ಚೆನ್ನಾಗಿ ಕಾಣುತ್ತೆ."

ಅವನು ಬರೆದುಕೊಂಡ. ಕಟ್ಟಡಗಳ ನಕ್ಷೆ ಬರೆಯುವುದು ಅವನ ವೃತ್ತಿ; ಆ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ. ಅವಳು ಮನೆಯ ಯಜಮಾನರ ತಂಗಿ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುತ್ತಿದ್ದಳು. ಅವನ ಮೂಗಿನ ಮೇಲಿದ್ದ ಕನ್ನಡಕ ಅವಳೇ ಆರಿಸಿಕೊಟ್ಟದ್ದು. ಅದು ಜಾರುತ್ತಿತ್ತು. ಬಿಗಿ ಮಾಡಿಸಲೆಂದು ಅವನು ಮತ್ತೆ ಮತ್ತೆ ಅಂಗಡಿಗೆ ಹೋಗುತ್ತಿದ್ದ. ಅವಳು ಸರಿಮಾಡಿ ಕೊಡುತ್ತಿದ್ದಳು. ಅದು ಮತ್ತೆ ಜಾರುತ್ತಿತ್ತು.

ತಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಬ್ರಿಟಿಷ್ ಶೈಲಿಯ ಡಿನ್ನರ್ ಪಾರ್ಟಿಯೇ ಆಗಬೇಕೆಂದು ಅವಳ ಅತ್ತಿಗೆ ಹಟ ಹಿಡಿದಿದ್ದರು. ಮೆನು ಗೊತ್ತುಮಾಡುವ ಕೆಲಸವನ್ನು ನಾದಿನಿಗೂ ಮಹಡಿಯವನಿಗೂ ಒಟ್ಟಿಗೆ ಒಪ್ಪಿಸಿ, ತಾವು ಅಡುಗೆಮನೆಯ ಕಡೆ ತಲೆಯನ್ನೇ ಹಾಕಲಿಲ್ಲ. ಅದಕ್ಕೆ ಕಾರಣವಿರಬಹುದೆಂದು ಅವನಿಗೆ ಹೊಳೆಯಲಿಲ್ಲ.

"ಆಮೇಲೆ ಕೋಳಿ ರೋಸ್ಟ್. ಜೊತೆಗೆ ಬ್ರೆಡ್ ಸಾಸ್."

"ಬ್ರೆಡ್ಡಿಂದ ಸಾಸಾ?"

"ಹಾಲಲ್ಲಿ ಬ್ರೆಡ್ ಹಾಕಿ ಬೇಯಿಸೋದಂತೆ."

"ಜ್ವರ ಬಂದೋರಿಗೆ ಕೊಡೋದಲ್ವಾ ಅದು?"

ಅವಳು ನಕ್ಕಳು. ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವುದು ಅವಳ ಅಭ್ಯಾಸ. ಕಣ್ಣುಗಳು ಮಾತ್ರ ಹೊರಗೆ ಉಳಿಯುತ್ತಿದ್ದವು. ಅವನು ಪೆನ್ಸಿಲಿನ ಮೊನೆಯನ್ನು ಪರೀಕ್ಷಿಸತೊಡಗಿದ.

"ಕೊನೆಗೆ ಟ್ರೈಫಲ್. ಕೆಳಗೆ ಕೇಕು, ಆಮೇಲೆ ಜೆಲ್ಲಿ, ಕಸ್ಟರ್ಡ್, ಮೇಲೆ ಕೆನೆ."

"ಕೇಕಿನ ಅಡಿಪಾಯದ ಮೇಲೆ ಮೂರಂತಸ್ತು. ಲೈಸೆನ್ಸ್ ಸಿಗೋದು ಕಷ್ಟ."

"ನಿಮಗೂ ತಮಾಷೆ ಮಾಡೋಕೆ ಬರುತ್ತಾ? ಅಂಗಡೀಲಿ ಯಾವತ್ತೂ ಬಾಯೇ ಬಿಡಲ್ಲ."

"ಅಲ್ಲಿ ನೀವು ಅಕ್ಷರ ಓದಿ ಅಂತೀರಿ. ಓದ್ತೀನಿ."

ಮೆನು ಮುಗಿಯಿತು. ಬಟ್ಟಲು, ತಟ್ಟೆ ಹಿಡಿಸುತ್ತವೆಯೇ ಎಂದು ನೋಡಲು ಅವನು ಊಟದ ಮೇಜನ್ನು ಅಳತೆಗೆ ಸರಿಯಾಗಿ ಬರೆದು, ಸುತ್ತಲೂ ಕುರ್ಚಿಗಳನ್ನು ಗುರುತಿಸಿದ. ಎಣಿಸಿದ, ಹುಬ್ಬು ಗಂಟಿಕ್ಕಿದ.

"ಹದಿಮೂರಾಯ್ತು. ಪುಸ್ತಕದಲ್ಲಿ ಬರೆದಿದೆ, ಮೇಜಿಗೆ ಹದಿಮೂರು ಜನ ಕೂತರೆ ಬ್ರಿಟಿಷರಿಗೆ ಅಪಶಕುನ."

"ಅವರಿಗೆ ತಾನೇ?"

"ಮಾಡೋದಾದ್ರೆ ಸರಿಯಾಗಿ ಮಾಡ್ಬೇಕು. ಇನ್ನೊಬ್ಬರು ಬೇಕು."

ಅವಳು ಪುಸ್ತಕ ಮುಚ್ಚಿದಳು. "ಅಣ್ಣನ ಸ್ನೇಹಿತರು ಒಬ್ಬರಿದ್ದಾರೆ. ಸೇತುವೆ ಎಂಜಿನಿಯರ್. ನನ್ನನ್ನ ಮದುವೆಗೆ ಕೇಳಿದ್ದಾರೆ. ನಾನಿನ್ನೂ ಏನೂ ಹೇಳಿಲ್ಲ, ಅದಕ್ಕೇ ಅಣ್ಣ ಅವರನ್ನ ಕರೆದಿಲ್ಲ." ಅವಳು ಅವನ ಮುಖವನ್ನೇ ನೋಡಿದಳು. "ಕರೆಯೋಣ್ವಾ? ನೀವು ಹೇಳಿ."

'ಬೇಡ' ಎಂಬ ಮಾತು ಅವನ ಗಂಟಲವರೆಗೆ ಬಂದಿತು. ಹಾಗೆನ್ನಲು ತನಗೇನು ಅಧಿಕಾರ ಎಂಬ ಪ್ರಶ್ನೆ ಅದರ ಬೆನ್ನಿಗೇ ಬಂದಿತು. ಗಂಡಸರನ್ನೂ ಹೆಂಗಸರನ್ನೂ ಒಬ್ಬರ ಪಕ್ಕ ಒಬ್ಬರಂತೆ ಕೂರಿಸಿದ್ದ ನಕ್ಷೆಯಲ್ಲಿ ಅವಳ ಎಡಗಡೆ ಒಂದು ಜಾಗ ಖಾಲಿಯಿತ್ತು.

"ಕರೀರಿ," ಎಂದ. "ಸಾಲು ಸರಿಹೋಗುತ್ತೆ."

"ಸಾಲು ಸರಿಹೋಗುತ್ತೆ," ಎಂದಳು ಅವಳು ಮೆಲ್ಲಗೆ. "ಸರಿ ಹಾಗಾದ್ರೆ."

ಮನೆಯಲ್ಲಿ ಒಂದು ಕುರ್ಚಿ ಕಡಿಮೆ ಬಿತ್ತು. ಪಾರ್ಟಿಯ ದಿನ ಅವನು ತನ್ನ ಕೋಣೆಯ ಕುರ್ಚಿಯನ್ನು ತಾನೇ ಹೊತ್ತು ತಂದು ಅವಳ ಎಡಕ್ಕೆ ಇಟ್ಟ. ಎಂಜಿನಿಯರ್ ಅದರ ಮೇಲೆ ಕುಳಿತರು.

ಸೂಪ್ ಬಂತು. ಅತ್ತಿಗೆ ಕೂರಲಿಲ್ಲ. ರೋಸ್ಟ್ ಬಂತು. "ಬಂದೆ, ಬಂದೆ, ನೀವು ಶುರುಮಾಡಿ," ಎಂದು ಅವರು ಮತ್ತೆ ಒಳಗೆ ಓಡಿದರು. ಅವರ ಕುರ್ಚಿ ಕೊನೆಯವರೆಗೂ ಹಾಗೆಯೇ ಉಳಿಯಿತು. ಅವನು ಎಣಿಸಿದ: ಕುಳಿತವರು ಹದಿಮೂರು. ಎಂಜಿನಿಯರನ್ನು ಕರೆಯದಿದ್ದರೆ ಹನ್ನೆರಡೇ ಆಗುತ್ತಿತ್ತು. ಬಡಿಸುವವರು ಕೂರುವುದಿಲ್ಲವೆಂಬ ಸಾಮಾನ್ಯ ಸಂಗತಿ ಅವನ ನಕ್ಷೆಗೆ ಬಂದಿರಲಿಲ್ಲ.

ಮೇಜಿನಾಚೆಯಿಂದ ಅವಳೂ ಅದನ್ನು ಕಂಡಳು. ಅವಳ ನೋಟ ಖಾಲಿ ಕುರ್ಚಿಗೆ ಹೋಯಿತು. ಅಲ್ಲಿಂದ ಅವನಿಗೆ ಬಂತು. ಒಂದು ಹುಬ್ಬು ಏರಿತು. ತುಟಿಯಲ್ಲಿ ಹುಟ್ಟಿದ ನಗು ಅರ್ಧಕ್ಕೇ ನಿಂತಿತು.

"ಇದೇನಿದು, ಬ್ರೆಡ್ ಸಾಸಾ?" ಎಂದರು ಎಂಜಿನಿಯರ್. "ನನಗೆ ಜ್ವರ ಬಂದಾಗೆಲ್ಲ ಅಮ್ಮ ಇದನ್ನೇ ಕೊಡ್ತಿದ್ರು."

ಅವಳು ನಕ್ಕಳು, ಅಂಗೈಯಿಂದ ಬಾಯಿ ಮುಚ್ಚಿಕೊಂಡು.

ಅವರು ಒಳ್ಳೆಯ ಮನುಷ್ಯರು. ಅವಳು ಉಪ್ಪಿಗಾಗಿ ಕಣ್ಣು ಹಾಯಿಸುವ ಮೊದಲೇ ಉಪ್ಪಿನ ಡಬ್ಬಿಯನ್ನು ಅವಳ ಮುಂದಿಟ್ಟರು. ವಾರ ಕಳೆಯುವುದರೊಳಗೆ ಅವಳು ಒಪ್ಪಿಗೆ ಕೊಟ್ಟಳು.

ಸುದ್ದಿ ಹೇಳಿದ್ದು ಅತ್ತಿಗೆ, ಗೇಟಿನ ಬಳಿ. "ಅಲ್ಲಾ ನಕ್ಷೆಯವರೇ, ಮೆನು ಮಾಡೋಕೆ ನನಗೆ ಬರಲ್ವಾ? ನಿಮ್ಮಿಬ್ಬರನ್ನ ಅಡುಗೆಮನೇಲಿ ಬಿಟ್ಟು ನಾನು ಹೊರಗೆ ಕೂತಿದ್ದು ಯಾಕೆ ಅನ್ಕೊಂಡ್ರಿ? ನಿಮಗೆ ಎಲ್ಲಾನೂ ಗೆರೆ ಎಳೆದೇ ತೋರಿಸ್ಬೇಕೇನೋ!"

ಅವನು ಗೇಟಿನ ಚಿಲಕ ಹಾಕಿ ಮಹಡಿ ಹತ್ತಿದ.

ಕುರ್ಚಿ ಕೆಳಗೇ ಉಳಿದಿತ್ತು. ಅವನು ಕೇಳಲು ಹೋಗಲಿಲ್ಲ, ನಿಂತೇ ನಕ್ಷೆ ಬರೆಯುತ್ತಿದ್ದ. ಭಾನುವಾರ ಬೆಳಿಗ್ಗೆ ಅವಳೇ ಅದನ್ನು ಹೊತ್ತು ಮಹಡಿ ಹತ್ತಿದಳು.

"ನಿಮ್ಮ ಕುರ್ಚಿ."

"ಅವತ್ತು ನಾನು ಬೇಡ ಅನ್ಬೇಕಿತ್ತು."

ಅವಳು ಕುರ್ಚಿಯ ಬೆನ್ನಿನ ಮೇಲೆ ಎರಡೂ ಕೈಯಿಟ್ಟು ನಿಂತಳು. "ಅನ್ಬೇಕಿತ್ತು. ಆ ಪ್ರಶ್ನೆ ಕೇಳೋಕೆ ನನಗೆ ಎಷ್ಟು ಧೈರ್ಯ ಬೇಕಾಯ್ತು ಗೊತ್ತಾ? ನೀವು ಕಾಗದ ನೋಡ್ತಿದ್ರಿ."

"ಈಗ ಬೇಡ ಅಂದ್ರೆ?"

"ಮಾತು ಕೊಟ್ಟಿದ್ದೀನಿ. ಅವರ ಜೊತೆ ನಗೋಕಾಗುತ್ತೆ ನನಗೆ." ಕುರ್ಚಿಯನ್ನು ಮೇಜಿನತ್ತ ಸರಿಸುತ್ತ ಸೇರಿಸಿದಳು: "ನಿಮ್ಮ ಜೊತೇನೂ ಆಗ್ತಿತ್ತು."

ಕನ್ನಡಕ ಅವನ ಮೂಗಿನ ತುದಿಗೆ ಜಾರಿತ್ತು. ಅವಳು ಕೈಚಾಚಿ ಅದನ್ನು ತೆಗೆದಳು. ಚೀಲದಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಎರಡು ತಿರುಪುಗಳನ್ನು ಕೊನೆಯವರೆಗೂ ಬಿಗಿದಳು. ಗಾಜು ಒರೆಸಿ, ತಾನೇ ಅವನ ಕಿವಿಗೇರಿಸಿದಳು. ಅವಳ ಬೆರಳುಗಳು ಅವನ ಕೆನ್ನೆಯ ಬಳಿ ಅರೆಗಳಿಗೆ ನಿಂತವು.

"ಇನ್ನು ಜಾರಲ್ಲ," ಎಂದಳು.

ಇಷ್ಟು ಸುಲಭದ ಕೆಲಸವನ್ನು ಅವಳು ಮೊದಲ ಸಲವೇ ಮಾಡಿಬಿಡಬಹುದಿತ್ತು. ಅದು ಅವನಿಗೆ ತಿಳಿಯುವಷ್ಟರಲ್ಲಿ ಅವಳು ಬಾಗಿಲು ದಾಟಿದ್ದಳು.

ಅವನು ಬಾಗಿಲಿಗೆ ಬಂದು ತಲೆ ಬಗ್ಗಿಸಿ ಕೆಳಗೆ ನೋಡಿದ. ಕನ್ನಡಕ ಕದಲಲಿಲ್ಲ. ಮೆಟ್ಟಿಲಿಳಿಯುತ್ತಿದ್ದ ಅವಳು, ತಿರುವಿನಲ್ಲಿ ಮರೆಯಾಗುವವರೆಗೂ, ಸ್ಪಷ್ಟವಾಗಿ ಕಾಣುತ್ತಿದ್ದಳು.