ಹೂಂಗುಟ್ಟಿದವರು

ಲಕ್ವಾ ಹೊಡೆದು ಅಪ್ಪನ ಮಾತು ನಿಂತ ಮೇಲೆ, ಮಸ್ಕಿ ಸಂತೆಯ ರದ್ದಿ ರಾಶಿಯಿಂದ ಒಂದು ಹಳೆಯ ಕಾದಂಬರಿ ತಂದೆ. ದೇಶ ದೇಶ ತಿರುಗಿ ಅಲ್ಲಿನ ರಾಜರನ್ನು ಗೇಲಿ ಮಾಡುವ ನಾವಿಕನ ಕಥೆ. ಸುಡುವ ಬ್ಯಾಸಿಗೆಯಲ್ಲೂ ಅದರ ಹಾಳೆಗಳು ತಣ್ಣಗಿರುತ್ತಿದ್ದವು.

ನಮ್ಮ ಮನೆಯಲ್ಲಿ ಪುರಾಣವಿರಲಿ, ಕಥೆಯಿರಲಿ, ಕೇಳುವವರು ಹೂಂಗುಟ್ಟಲೇಬೇಕು; ಇಲ್ಲದಿದ್ದರೆ ಹೇಳುವವರು ನಿಲ್ಲಿಸಿಬಿಡುತ್ತಾರೆ. ಅಪ್ಪನಿಂದ ಒಂದೇ ಒಂದು ‘ಹೂಂ’ ಬಂದರೆ ಸಾಕೆಂದು ದಿನಾ ಮಧ್ಯಾಹ್ನ ಓದುತ್ತಿದ್ದೆ.

ಒಂದಿನ ಬಂತು.

“ಪಂಪಾಪತಿ, ಬಾರಲೇ, ಅಪ್ಪ ಹೂಂ ಅಂದ!”

ತಮ್ಮ ಬಂದು ನೋಡಿದ. “ಹುಚ್ಚು ಹಿಡದೈತೇನಬೇ ಯಕ್ಕಾ? ಬಾಯಿ ಮುಚ್ಚೇ ಐತಲ್ಲ.”

ಮತ್ತೆ ಓದಿದೆ. ಪ್ರತಿ ವಾಕ್ಯಕ್ಕೂ ಹೂಂ ಬಂತು, ಮಂಚದ ಆಚೆ ಬದಿಯಿಂದ. ಅಲ್ಲಿ ಬರೀ ಗೋಡೆ. ತಮ್ಮನೂ ಕೇಳಿಸಿಕೊಂಡ.

ಓದುವುದನ್ನು ನಿಲ್ಲಿಸಿದೆ. ಹೂಂ ನಿಲ್ಲಲಿಲ್ಲ.

ಅಪ್ಪ ತಾನಾಗಿಯೇ ನನಗೆ ಬೆನ್ನು ಮಾಡಿ ಗೋಡೆಯ ಕಡೆ ಹೊರಳಿದ. ಇಷ್ಟು ದಿನ ಉಣಿಸಿದವಳು, ಉಚ್ಚೆ ಬಳಿದವಳು ನಾನು. ಬಾಗಿ ನೋಡಿದೆ. ಅವನ ತುಟಿಗಳು ಬಿಡದೆ ಆಡುತ್ತಿದ್ದವು. ನಡುವೆ ಒಮ್ಮೆ ನಕ್ಕ. ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಗೋಡೆಯ ಕಡೆಯಿಂದ ಮಾತ್ರ, ತಪ್ಪದೆ, ಹೂಂ ಬರುತ್ತಲೇ ಇತ್ತು.