ಗಾಜಿನ ಮನೆಯೊಳಗೊಂದು ಸೇಬು

"ಅದನ್ನ ಕೆಳಗಿಡಿ... ಮೊದಲು ಕೆಳಗಿಡಿ."

ಕಿಟಕಿಗೆ ಗಾಜು ಕೂರಿಸಲು ಬಂದವನು ಕುಂಡವನ್ನು ಓರೆಯಾಗಿ ಹಿಡಿದಲ್ಲೇ ಕಲ್ಲಾಗಿಬಿಟ್ಟ. ಗಿಡದ ನಡುವಿನ ಬಟ್ಟಲಿನಿಂದ ನೀರು ಅವನ ಮುಂಗೈ ಮೇಲೆ ಇಳಿದು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

ಹೊಲಿಗೆ ಯಂತ್ರ ಬಿಟ್ಟು ಓಡಿಬಂದವಳ ಕೊರಳಲ್ಲಿ ಅಳತೆಯ ಟೇಪು ಇನ್ನೂ ತೂಗಾಡುತ್ತಿತ್ತು.

"ನಿಂತ ನೀರಲ್ವಾ, ಸೊಳ್ಳೆ ಆಗುತ್ತೆ ಅಂತ ಚೆಲ್ಲಿದೆ," ಎಂದ ಅವನು ಮೆಲ್ಲಗೆ.

"ಅದು ನಿಂತ ನೀರಲ್ಲ. ಅದರ ಬಾಯಿ. ಈ ಗಿಡ ನೀರು ಕುಡಿಯೋದೇ ಅಲ್ಲಿಂದ."

ಅವನು ಗಿಡವನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ತನ್ನ ಚೀಲದಿಂದ ಕುಡಿಯುವ ನೀರಿನ ಬಾಟಲಿ ತೆಗೆದು, ಎಳೆಗೂಸಿಗೆ ಹಾಲು ಹಾಕುವವನಂತೆ ಆ ಬಟ್ಟಲನ್ನು ಹನಿಹನಿಯಾಗಿ ತುಂಬಿದ.

"ಸಾಕಾ?"

ಕೇಳಿದ್ದು ಗಿಡವನ್ನೋ, ತನ್ನನ್ನೋ... ಅವಳಿಗೆ ತಿಳಿಯಲಿಲ್ಲ. ಕೋಪವೆಲ್ಲ ಎಲ್ಲಿ ಹೋಯಿತೆಂದೂ ತಿಳಿಯಲಿಲ್ಲ.

ಮೂಲೆಯಲ್ಲಿ ಅಂಗಿಗೆ ಗುಂಡಿ ಹಾಕುತ್ತ ಕೂತಿದ್ದ ಚಿಕ್ಕಮ್ಮ ಕನ್ನಡಕದ ಮೇಲಿಂದ ನೋಡಿದಳು. "ಗಾಜು ಒಡೆದದ್ದು ಒಳ್ಳೇದೇ ಆಯ್ತು ಬಿಡು. ನಮ್ಮ ಗುಬ್ಬಿಗೂ ಗಂಟಲು ಇದೆ ಅಂತ ಗೊತ್ತಾಯ್ತು."

ಗುಬ್ಬಿ ಎಂಬುದು ಚಿಕ್ಕಮ್ಮ ಇಟ್ಟ ಅಡ್ಡಹೆಸರು. ಊಟ ಗುಬ್ಬಿಯಷ್ಟು, ಮಾತು ಅದಕ್ಕಿಂತ ಕಡಿಮೆ. ಬೇರೆಯವರ ಬಟ್ಟೆಯನ್ನು ಬಿಚ್ಚಿ, ಮಡಿಚಿ, ಮೈಗೆ ಒಪ್ಪುವಂತೆ ಚಿಕ್ಕದು ಮಾಡಿಕೊಡುವುದು ಅವಳ ಕೆಲಸ. ಅಮ್ಮ ಬಿಟ್ಟುಹೋದ ಕೆಲಸ. ಕಿಟಕಿಯ ಮೇಲಿನ ಆ ಗಿಡವೂ ಅಮ್ಮ ಬಿಟ್ಟುಹೋದದ್ದೇ.

ಬ್ರೊಮೆಲಿಯಾಡ್. ಅನಾನಸಿನ ತಂಗಿಯಂತಿರುವ, ಗೇಣಗಲದ ಪುಟ್ಟ ಗಿಡ. ಅದು ಗೇಣನ್ನು ದಾಟದಂತೆ ಅವಳು ಕಾಯುತ್ತಿದ್ದಳು. ಕುಂಡ ಬದಲಿಸುತ್ತಿರಲಿಲ್ಲ, ಗೊಬ್ಬರ ತೋರಿಸುತ್ತಿರಲಿಲ್ಲ. ಬೆಳಕು ಸಾಲದಿದ್ದರೆ ಎಲೆ ಉದ್ದುದ್ದ ಚಾಚುತ್ತದೆಂದು ಕಿಟಕಿಯ ಬಳಿಯೇ ಇಟ್ಟು, ಆಗಾಗ ತಿರುಗಿಸಿ, ಕೊರಳಿನ ಟೇಪಿನಿಂದ ಅಳೆದು ನೋಡಿ ನಿಟ್ಟುಸಿರು ಬಿಡುತ್ತಿದ್ದಳು. ಬೆಳೆದಿಲ್ಲ. ಸದ್ಯ.

ಅವಳು ಚಿಕ್ಕವಳಿದ್ದಾಗ ಅಮ್ಮ ಹೇಳಿದ್ದ ಮಾತೊಂದು ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಈ ಗಿಡ ಬದುಕಿನಲ್ಲಿ ಒಂದೇ ಸಲ ಹೂ ಬಿಡುತ್ತದೆ, ಆಮೇಲೆ ಒಣಗಿಹೋಗುತ್ತದೆ. ಮುಂದಿನದನ್ನು ಕೇಳಿಸಿಕೊಳ್ಳದೆ ಅವಳು ಅತ್ತುಕೊಂಡು ಓಡಿದ್ದಳು. ಅದಾಗಿ ಕೆಲವೇ ದಿನಗಳಲ್ಲಿ ಅಮ್ಮನೇ ಇಲ್ಲವಾದಳು.

ಬೆಳೆಯದಿದ್ದರೆ ಹೂವಿಲ್ಲ. ಹೂವಿಲ್ಲದಿದ್ದರೆ... ಸಾವೂ ಇಲ್ಲ. ಇಷ್ಟೇ ಅವಳ ಲೆಕ್ಕ.

ಗಾಜಿನವನು ಮತ್ತೆ ಬಂದ. ಕೆಲಸ ಮುಗಿದಿತ್ತು, ಆದರೂ ಬಂದ. ಹೊಲಿಗೆಯಂಗಡಿಯ ನೂಲಿನ ಧೂಳೆಲ್ಲ ಗಿಡದ ಬಾಯಿಗೆ ಬೀಳುತ್ತದಲ್ಲ ಎನ್ನುತ್ತ, ಅದಕ್ಕೊಂದು ಗಾಜಿನ ಮನೆ ಮಾಡಿಕೊಡಲೇ ಎಂದು ಕೇಳಿದ. ಎಷ್ಟು ದೊಡ್ಡದು ಬೇಕೆಂದಾಗ ಅವಳು ಟೇಪು ಹಿಡಿದು ತೋರಿಸಿದಳು. ಗಿಡಕ್ಕೆ ಸರಿಯಾಗಿ, ಒಂದು ಬೆರಳೂ ಹೆಚ್ಚಿಲ್ಲ. ಬೆಳೆದರೆ, ಎಂದು ಕೇಳಿದ್ದಕ್ಕೆ ಕಿಟಕಿಯಲ್ಲಿ ಜಾಗವಿಲ್ಲ ಎಂದುಬಿಟ್ಟಳು. ಅವನು ನಂಬಿದ. ಹಾಗೆಯೇ ಮಾಡಿಕೊಟ್ಟ.

ಪುಟ್ಟ ಬಾಗಿಲಿದ್ದ ಆ ಮನೆಯೊಳಗೆ ಬೆಳಕು ಬೀಳುವ ರೀತಿಯೇ ಬೇರೆಯಾಗಿತ್ತು. ಮಧ್ಯಾಹ್ನ ಗಾಜಿನ ಅಂಚಿನಿಂದ ಬಣ್ಣದ ಎಳೆಯೊಂದು ಹೊರಟು, ಅವಳು ಹೊಲಿಯುವ ಬಟ್ಟೆಯ ಮೇಲೆ ನಿಧಾನವಾಗಿ ಹರಿದಾಡುತ್ತಿತ್ತು. ಅದು ಬಂತೆಂದರೆ ಇನ್ನು ಸ್ವಲ್ಪ ಹೊತ್ತಿಗೆ ಅವನೂ ಬರುತ್ತಾನೆ. ಬಟ್ಟೆಯ ಮೇಲಿನ ಬಣ್ಣ ನೋಡುತ್ತ ಅವಳು ಹೊಲಿಗೆ ತಪ್ಪಿದ್ದು ಚಿಕ್ಕಮ್ಮನಿಗೆ ಮಾತ್ರ ಗೊತ್ತು.

ಒಂದು ಸಂಜೆ ಅವಳು ಒಳಗೆ ಗಿರಾಕಿಯ ಅಳತೆ ತೆಗೆಯುತ್ತಿದ್ದಾಗ ಅವನು ಬಂದು ಹೋದನಂತೆ. ಮರುದಿನದಿಂದ ಅಂಗಡಿಗೆ ಬೀಗ. ನಾಟಕ ತಂಡವೊಂದರ ಉಡುಪುಗಳಿಗಾಗಿ ಅವಳೂ ಚಿಕ್ಕಮ್ಮನೂ ಹೋಗಿ, ಒಂದು ವಾರ ಕಳೆದೇ ಬಂದರು. ಬಾಗಿಲು ತೆಗೆದರೆ ಅಂಗಡಿಯ ತುಂಬ ಸೇಬಿನ ಘಮ. ಗಾಜಿನ ಮನೆಯೊಳಗೆ, ಗಿಡದ ಮಗ್ಗುಲಲ್ಲಿ, ಅಜ್ಜಿಯ ಕೆನ್ನೆಯಂತೆ ಸುಕ್ಕಾದ ಸೇಬೊಂದು ಕೂತಿತ್ತು.

ಮಧ್ಯಾಹ್ನ ಊಟ ಬಿಡುವವಳಿಗೆಂದು ಅವನು ಇಟ್ಟುಹೋದದ್ದು. ಅವಳು ನಕ್ಕಳು. ಆ ನಗು ಕೇಳಿ ಎಷ್ಟೋ ಕಾಲವಾಗಿತ್ತೆಂದು ಚಿಕ್ಕಮ್ಮ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಅಂದಿನಿಂದ ಮಧ್ಯಾಹ್ನಕ್ಕೊಂದು ಸೇಬು, ಇಬ್ಬರಿಗೂ ಅರ್ಧರ್ಧ. ಏನೋ ಹೇಳಲು ಬಾಯಿ ತೆರೆದು ಅವನು ಹೋಳೊಂದನ್ನು ಬಾಯಿಗಿಟ್ಟುಕೊಂಡು ಸುಮ್ಮನಾಗುತ್ತಿದ್ದ. ಹೇಳಲಿ... ನಾಳೆಯಾದರೂ ಹೇಳಲಿ, ಎಂದುಕೊಳ್ಳುತ್ತಿದ್ದಳು ಅವಳು.

ತಿಂಗಳೆರಡು ಕಳೆದಿರಬೇಕು. ಗಿಡದ ನಡುವೆ ಕೆಂಪೇರಿತು.

ರೋಗವೇನೋ ಎಂದು ನರ್ಸರಿಯವರ ಬಳಿ ಹೊತ್ತೊಯ್ದಳು. ಮುದುಕರು ಬಗ್ಗಿ ನೋಡಿ ನಕ್ಕರು. ರೋಗವಲ್ಲ, ಮೊಗ್ಗು. ಪಕ್ಕದಲ್ಲಿ ಸೇಬೇನಾದರೂ ಇಟ್ಟಿದ್ದೆಯಾ ಎಂದು ಕೇಳಿದರು. ಹಣ್ಣಾದ ಸೇಬಿನ ಗಾಳಿಯ ಜೊತೆ ಮುಚ್ಚಿಟ್ಟರೆ ಇಂಥ ಗಿಡ ಹೂವಿಗೆ ಬರುತ್ತದಂತೆ. ಬೇಗ ಹೂ ಬೇಕೆಂದವರಿಗೆ ತಾವೇ ಹಾಗೆ ಮಾಡಿಕೊಡುತ್ತಾರಂತೆ.

ಅವಳು ಕುಂಡವನ್ನು ಎತ್ತಿಕೊಂಡು ಅಂಗಡಿಗೆ ನಡೆದಳು.

ಆ ಮಧ್ಯಾಹ್ನ, ಚಿಕ್ಕಮ್ಮ ಹೊರಗೆ ಹೋಗಿದ್ದಾಗ, ಸೇಬು ಕತ್ತರಿಸುತ್ತಿದ್ದ ಅವನನ್ನು ಕೇಳಿದಳು. "ಗೊತ್ತಿದ್ದೇ ಇಟ್ರಾ?"

"ಏನು?"

"ಹೂ ಬಿಟ್ರೆ ಅದು ಸಾಯುತ್ತೆ. ಅಮ್ಮ ಅಂತ ನನಗೆ ಉಳಿದಿದ್ದು ಅದೊಂದೇ. ಅದನ್ನ ಮುಚ್ಚಿಟ್ಟು ಸಾಯಿಸಿದ್ರಿ."

ಅವನು ಚಾಕು ಕೆಳಗಿಟ್ಟ. ಗೊತ್ತಿರಲಿಲ್ಲ ಎಂದ. ಅದನ್ನೂ ಒಂದೇ ಸಲ ಹೇಳಿದ. ಅವಳು ಕಿಟಕಿಯ ಕಡೆ ತಿರುಗಿ ಇನ್ನು ಬರಬೇಡಿ ಎಂದಳು. ಅರ್ಧ ಕತ್ತರಿಸಿದ ಸೇಬು ಮೇಜಿನ ಮೇಲೆಯೇ ಕಪ್ಪಾಯಿತು.

ಅವನು ಬರಲಿಲ್ಲ. ಹೂ ಬಂತು.

ಏನು ಹೂವದು... ಉರಿಯುವ ಕೆಂಪು ದಳಗಳ ನಡುವೆ ನೇರಳೆ ಹನಿಗಳಂಥ ಪುಟ್ಟ ಪುಟ್ಟ ಹೂಗಳು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ಅವಳೊಬ್ಬಳು ನೋಡುತ್ತಿರಲಿಲ್ಲ. ಬಣ್ಣದ ಎಳೆ ಮಾತ್ರ ಎಂದಿನಂತೆ ಬಟ್ಟೆಯ ಮೇಲೆ ಹರಿಯುತ್ತಿತ್ತು, ಅದರ ಹಿಂದೆ ಯಾರೂ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಯಂತ್ರದ ಮೇಲೆ ತಲೆಯಿಟ್ಟಲ್ಲೇ ಕಣ್ಣು ಹತ್ತಿತು. ಕನಸಿನಲ್ಲಿ ಗಾಜಿನ ಮನೆ ಆಕಾಶದಷ್ಟು ಬೆಳೆದಿತ್ತು. ಒಳಗೆ ಅಮ್ಮ ಅಳತೆ ತೆಗೆಯುತ್ತಿದ್ದಳು. ಅವಳ ಟೇಪಿನಲ್ಲಿ ಅಂಕಿಗಳೇ ಇರಲಿಲ್ಲ, ಎಳೆದಷ್ಟೂ ಬರುತ್ತಲೇ ಇತ್ತು... ಇನ್ನೂ ಬಿಡು ಮಗಳೇ, ಇನ್ನೂ ಬಿಡು, ಎನ್ನುತ್ತಿದ್ದಳು.

ಎಚ್ಚರವಾದಾಗ ಕೆನ್ನೆ ಒದ್ದೆ. ಹೂ ಬಾಡತೊಡಗಿತ್ತು, ಹೊರಗಿನ ಎಲೆಯೊಂದು ಹಳದಿಯಾಗಿತ್ತು. ಅದನ್ನು ತೆಗೆಯಲು ಬಗ್ಗಿದವಳ ಬೆರಳಿಗೆ ಬುಡದಲ್ಲಿ ಏನೋ ತಾಕಿತು. ಹಸಿರು ಉಗುರಿನಂಥದ್ದು.

"ಚಿಕ್ಕಮ್ಮಾ... ಇದೇನು?"

ಚಿಕ್ಕಮ್ಮ ಎದ್ದು ಬಂದು ನೋಡಿದಳು. "ಮರಿ. ಮತ್ತೇನು?"

"ಮರೀನಾ?"

"ಬಾಳೆ ಒಂದೇ ಸಲ ಗೊನೆ ಹಾಕೋದು. ಹಾಗಂತ ಬಾಳೆ ತೋಟ ಬರಿದಾಗುತ್ತೇನೇ ಹುಚ್ಚಿ? ನಿಮ್ಮಮ್ಮ ಮೊದಲು ತಂದ ಗಿಡ ನೀನು ತೊಟ್ಟಿಲಲ್ಲಿದ್ದಾಗಲೇ ಒಣಗಿಹೋಯ್ತು. ಇದು ಅದರ ಮೊಮ್ಮಗಳು. ಅವತ್ತು ಅದನ್ನೇ ಹೇಳೋಕೆ ಹೊರಟಿದ್ದು ಅವಳು. ನೀನು ನಿಂತು ಕೇಳಿದ್ರೆ ತಾನೆ? ಅಂಗಡಿಗೆ ಅಂದ ಅಂತ ಚಿಕ್ಕದಾಗಿ ಸಾಕ್ತಿದ್ದೀಯ ಅಂದ್ಕೊಂಡಿದ್ದೆ ನಾನು." ಕನ್ನಡಕ ಸರಿಮಾಡಿಕೊಂಡು, "ಆ ಗಾಜಪ್ಪನ ಮಾತನ್ನೂ ಹಾಗೇ ಅರ್ಧಕ್ಕೆ ಕೇಳಿ ಕಳಿಸಿದೆ," ಎಂದಳು.

ಅವಳು ಕಿಟಕಿಯ ಬಳಿಯೇ ಕುಸಿದು ಕೂತು, ಆ ಹಸಿರು ಉಗುರನ್ನು ಸವರುತ್ತ ಅತ್ತಳು. ಅದೆಷ್ಟು ವರ್ಷದ ಅಳುವೋ.

ತಕ್ಷಣ ಓಡಿಹೋಗಬೇಕೆನಿಸಿತ್ತು. ಆದರೆ ಬರಿಗೈಯಲ್ಲಿ ಹೋಗಲಾರಳು. ಮರಿ ತಾಯಿಯ ಮೂರರಲ್ಲೊಂದು ಪಾಲಾದರೂ ಆಗದೆ ಬೇರ್ಪಡಿಸಬಾರದೆಂದು ನರ್ಸರಿಯವರನ್ನು ಮತ್ತೆ ಕೇಳಿ ತಿಳಿದುಕೊಂಡಳು. ಕಾದಳು. ಬೆಳೆಯಲಿ ಎಂದು ಕಾದದ್ದು ಅವಳ ಬದುಕಿನಲ್ಲಿ ಅದೇ ಮೊದಲು. ತಾಯಿಗಿಡದ ಎಲೆಗಳು ಒಂದೊಂದಾಗಿ ಬಾಗಿದವು, ಅವಳು ಹೆದರಲಿಲ್ಲ.

ಕೊನೆಗೊಂದು ದಿನ ಮರಿಯನ್ನು ಬಿಡಿಸಿ ಹೊಸ ಕುಂಡದಲ್ಲಿಟ್ಟು, ಎದೆಗವಚಿಕೊಂಡು ಅವನ ಗಾಜಿನ ಅಂಗಡಿಯ ಬಾಗಿಲಲ್ಲಿ ನಿಂತಳು.

ಅವನು ಗಾಜು ಕೊರೆಯುತ್ತಿದ್ದ. ತಲೆ ಎತ್ತಿ ನೋಡಿದವನ ಕೈ ನಿಂತಿತು.

"ಇದಕ್ಕೊಂದು ಮನೆ ಬೇಕಿತ್ತು," ಎಂದಳು.

ಅವನು ಬಗ್ಗಿ ಗಿಡವನ್ನು ನೋಡಿದ. ಆಮೇಲೆ ಕೆಲಸದ ದನಿಯಲ್ಲಿ, "ಅಳತೆ ಹೇಳಿ," ಎಂದ.

ಅವಳ ಕೈ ಅಭ್ಯಾಸದಿಂದ ಕೊರಳಿಗೆ ಹೋಯಿತು. ಟೇಪು ಇರಲಿಲ್ಲ. ಬಿಟ್ಟು ಬಂದಿದ್ದಳು.

"ಬೆಳೆಯೋ ಮಕ್ಕಳ ಬಟ್ಟೆ ಹೊಲಿಯುವಾಗ ಒಳಗೆ ಸ್ವಲ್ಪ ಬಟ್ಟೆ ಮಡಿಚಿಡ್ತೀವಿ, ಆಮೇಲೆ ಬಿಚ್ಚಿಕೊಳ್ಳೋಕೆ. ಹಾಗೇ ಮಾಡಿ. ಜಾಗ ಬಿಟ್ಟು ಮಾಡಿ."

"ಎಷ್ಟು ಬಿಡಲಿ?"

"ನೀವೂ ಬಂದು ಕೂರೋವಷ್ಟು."

ಅವನು ನಗಲಿಲ್ಲ. ಕಣ್ಣು ತುಂಬಿಬಂದಿತ್ತು. "ನಾನು ಬಾಯಿಬಿಟ್ಟು ಹೇಳಬೇಕಾದ್ದನ್ನ ಸೇಬಿನ ಕೈಲಿ ಹೇಳಿಸೋಕೆ ಹೋದೆ. ಅದಕ್ಕೇ ಇಷ್ಟೆಲ್ಲ ಆಯ್ತು."

"ಹಾಗಾದ್ರೆ ಈಗ ಹೇಳಿ. ಈ ಸಲ ಪೂರ್ತಿ ಕೇಳ್ತೀನಿ."

ಅವನು ಹೇಳಿದ. ಪೂರ್ತಿ ಹೇಳಿದ. ಅವಳು ಓಡಲಿಲ್ಲ.

ಆಮೇಲೆ ಅವನು ಚೀಲಕ್ಕೆ ಕೈಹಾಕಿ ಸೇಬೊಂದನ್ನು ತೆಗೆದು, ಗಿಡದಿಂದ ದೂರ ಹಿಡಿದು, ಅನುಮಾನದಿಂದ ಅವಳ ಮುಖ ನೋಡಿದ.

"ಮರಿಗೆ ಏನೂ ಆಗಲ್ಲ ತಾನೆ?"

"ಅದಿನ್ನೂ ಚಿಕ್ಕದು," ಎಂದಳು ಗುಬ್ಬಿ, ಅಂಗೈ ಚಾಚುತ್ತ. "ನನಗೆ ಕೊಡಿ. ಹಸಿವಾಗ್ತಿದೆ."