ಹತ್ತಿರದಲ್ಲಿ ಶತ್ರುವಿದ್ದಾನೆ

ಆಸ್ಟ್ರೇಲಿಯದ ಮರುಭೂಮಿಯ ಗಣಿ ಊರು ಕೂಬರ್ ಪೀಡಿಯಲ್ಲಿ ನಮ್ಮ ಮನೆಯಿದ್ದದ್ದು ನೆಲದಡಿ, ಕಲ್ಲು ಕೊರೆದು ಮಾಡಿದ ಕೋಣೆಗಳಲ್ಲಿ. ಮೇಲೆ ಬಿಸಿಲು ಉರಿಯುವ ಮಧ್ಯಾಹ್ನಗಳಲ್ಲಿ ನಾನೂ ತಂಗಿ ನೇದಾಳೂ ಕಂಪ್ಯೂಟರಿನಲ್ಲಿ ಒಂದು ಹಳೆಯ ಆಟ ಆಡುತ್ತಿದ್ದೆವು. ಎತ್ತ ಬೇಕಾದರೂ ಅಲೆಯಬಹುದಾದ ಮಂಜಿನ ರಾಜ್ಯ ಅದು. ಶತ್ರು ಹತ್ತಿರವಿದ್ದರೆ ಮಾತ್ರ ಆಟ ನಮ್ಮ ವೀರನನ್ನು ಮಲಗಲು ಬಿಡುತ್ತಿರಲಿಲ್ಲ.

ಒಂದು ದಿನ ಅವನನ್ನು ಅವನ ಸ್ವಂತ ಮನೆಯಲ್ಲೇ ಮಲಗಿಸಲು ಹೋದರೆ, ಆಟ 'ಹತ್ತಿರದಲ್ಲಿ ಶತ್ರುವಿದ್ದಾನೆ' ಎಂದಿತು. ಮೂಲೆಮೂಲೆ ಹುಡುಕಿದೆವು. ಒಂದು ಇಲಿಯೂ ಇರಲಿಲ್ಲ.

"ನಿನ್ ಕಾಲ್ ವಾಸ್ನೆಗೆ ಹೆದ್ರಿದಾನೆ ಕಣೋ ಅಣ್ಣ. ಹೋಗಿ ಬ್ರೆಡ್ ತಗೊಂಬಾ," ಎಂದಳು ನೇದಾ.

ಬ್ರೆಡ್ ತಂದೆ. "ನೀನ್ ಹೋಗಿದ್ದೇ ತಡ, ಮಲಗ್ಬಿಟ್ಟ!" ಎಂದು ನಕ್ಕಳು. ನಾನು ಪಕ್ಕದಲ್ಲಿ ಕುಳಿತೆ. ಅವಳು ಮತ್ತೆ ಗುಂಡಿ ಒತ್ತಿದಳು; ಆಟ ಒಪ್ಪಲಿಲ್ಲ. ನಾನು ಹೊರಗೆ ಹೋದೆ, ವೀರ ಮಲಗಿದ. ಒಳಗೆ ಬಂದೆ, ಮತ್ತೆ ಅದೇ ಮಾತು.

ನಗು ನಿಂತಿತು. ಮಳೆಯೇ ಅಪರೂಪವಾದ ಆ ಊರಿನಲ್ಲಿ, ಕೋಣೆ ತುಂಬ ಒದ್ದೆ ಮಣ್ಣಿನ ವಾಸನೆ. ಅದು ನನ್ನ ಅಂಗಿಯಿಂದಲೇ ಬರುತ್ತಿತ್ತು.

ಈಗ ನೇದಾ ಅಡಿಲೇಡಿನಲ್ಲಿದ್ದಾಳೆ. ನಾನು ಹೋದಾಗಲೆಲ್ಲ ಅಮ್ಮನ ಹಾಗೆಯೇ ಎಲೆಕೋಸಿನ ಸಾರ್ಮಾ ಮಾಡಿ ಪ್ರೀತಿಯಿಂದ ಬಡಿಸುತ್ತಾಳೆ. ಆಮೇಲೆ, ಹೊತ್ತು ಮುಳುಗುವ ಮೊದಲು, ತಟ್ಟೆ ತೊಳೆಯುತ್ತಾ, ನನ್ನತ್ತ ತಿರುಗದೆ ಕೇಳುತ್ತಾಳೆ:

"ಅಣ್ಣಾ, ರಾತ್ರಿ ಎಲ್ಲಿ ಉಳ್ಕೋತೀಯಾ?"